ದೇವಾಲಯದ್ವಾರ ಮತ್ತು ಅನಿರ್ಬಂಧ ಪ್ರವೇಶ: ಸಂಡೂರು, ಮೂಲ್ಕಿಗಳ ನಿದರ್ಶನದಲ್ಲಿ ಒಂದು ನುಡಿಗಟ್ಟಿನ ಅರ್ಥವಿಚಾರ

ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಸಕಲ ವರ್ಗಗಳಿಗೂ ವಿಭಾಗಗಳಿಗೂ ತೆರೆಯುವ ವಿಚಾರವನ್ನು ಹೇಳುವಲ್ಲಿ ನಮ್ಮ ಸಂವಿಧಾನದ 25ನೆಯ ಅನುಚ್ಛೇದವು 'ಥ್ರೋಯಿಂಗ್ ಓಪನ್' ಎಂಬ ಆಂಗ್ಲ ನುಡಿಗಟ್ಟನ್ನು ಪ್ರಯೋಗಿಸಿದೆ. ಅನಿರ್ಬಂಧ ಪ್ರವೇಶವೇ ಅದರ ಅರ್ಥವೆಂಬುದು ರೂಢಿಯ ಗ್ರಹಿಕೆ. ಆದರೆ ತೆರೆಯುವವನು ಯಾರು, ತೆರೆದದ್ದು ಎಲ್ಲಿಯವರೆಗೆ, ಒಳಬಂದವನು ಸ್ವಂತ ಹಕ್ಕಿನಿಂದ ಬಂದನೋ ಪರರ ಅನುಗ್ರಹದಿಂದ ಬಂದನೋ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ನಿಘಂಟಿನಲ್ಲಲ್ಲ, ಆಚರಣೆಯಲ್ಲಿಯೇ ಅರಸಬೇಕಾಗುತ್ತದೆ.

ಸಂಡೂರು ತಾಲ್ಲೂಕು ಈ ವಿಚಾರಕ್ಕೆ ಸಂವಿಧಾನಕ್ಕಿಂತಲೂ ಪುರಾತನವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಘೋರ್ಪಡೆ ಮನೆತನದ ಆಳ್ವಿಕೆಗೊಳಪಟ್ಟಿದ್ದ ಸಂಡೂರು ಸಂಸ್ಥಾನದಲ್ಲಿ ಅರಸರಾದ ಯಶವಂತರಾವ್ ಘೋರ್ಪಡೆಯವರು 1932ರಲ್ಲಿ, ಅಂದರೆ ತಿರುವಾಂಕೂರಿನ ಪ್ರಸಿದ್ಧವಾದ 1936ರ ಘೋಷಣೆಗೆ ನಾಲ್ಕು ವರ್ಷ ಮೊದಲೇ, ಬೆಟ್ಟದ ಮೇಲಣ ಕುಮಾರಸ್ವಾಮಿ ದೇವಾಲಯದಲ್ಲಿ ಹರಿಜನರಿಗೆ ಪ್ರವೇಶಾವಕಾಶವಿತ್ತರು. 1934ರಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಗಾಂಧೀಜಿ ಸಂಡೂರಿಗೆ ಬಂದುದಕ್ಕೂ ಇದೇ ಪ್ರೇರಣೆಯೆಂದು ಹೇಳುವುದುಂಟು. ಇಷ್ಟು ಚಿಕ್ಕ ಸಂಸ್ಥಾನವೊಂದು ಇಷ್ಟು ದೊಡ್ಡ ಹೆಜ್ಜೆಯನ್ನಿಟ್ಟಿತೆಂಬುದು ಕನ್ನಡ ನಾಡಿನ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಪಾತ್ರವಾಗಬೇಕಾದ ಸಂಗತಿ. ಆದರೂ ಅಲ್ಲಿ ತೆರೆದವನು ಅರಸು. ಒಳಹೊಕ್ಕವರದು ಪ್ರಜೆಯ ಸ್ಥಾನ. ಅರಸನಿತ್ತುದನ್ನು ಅರಸನೇ ಹಿಂಪಡೆದಿದ್ದರೆ ಕೇಳುವ ನ್ಯಾಯಸ್ಥಾನ ಯಾವುದಿತ್ತು?

ದೇವಾಲಯಕ್ಕೆ ಇರುವುದು ಒಂದೇ ಬಾಗಿಲಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಮಹಾದ್ವಾರ, ಮುಖಮಂಟಪ, ನವರಂಗ, ಅಂತರಾಳ, ಗರ್ಭಗೃಹ ಎಂದು ಒಳಸರಿದಂತೆಲ್ಲ ಹೊಸ್ತಿಲುಗಳು ಒಂದರ ಹಿಂದೊಂದು ಎದುರಾಗುತ್ತವೆ. ಹೊರಗಿನ ಕದವನ್ನು ತೆರೆದಿಟ್ಟು ನವರಂಗದ ಹೊಸ್ತಿಲಲ್ಲಿ ಭಕ್ತನನ್ನು ತಡೆದರೆ ಗುಡಿ ತೆರೆದಿದೆಯೆಂದು ಹೇಳಬಹುದೇ ಹೊರತು ಅವನಿಗೆ ತೆರೆಯಿತೆಂದು ಹೇಳಲಾಗದು.

ಈ ತೊಡಕನ್ನು ಬಿಡಿಸುವ ಹೊಣೆ ಮೂಲ್ಕಿಯ ವೆಂಕಟರಮಣ ದೇವಾಲಯದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಪಾಲಿಗೆ ಬಂದಿತು. 1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆಯು ಗೌಡ ಸಾರಸ್ವತ ಬ್ರಾಹ್ಮಣರ ಆ ದೇವಾಲಯಕ್ಕೂ ಅನ್ವಯಿಸುವುದೇ ಎಂಬುದು ವಿವಾದದ ಮೂಲ. ಸಂಪ್ರದಾಯವು ತನ್ನ ಧಾರ್ಮಿಕ ವಿಷಯಗಳನ್ನು ತಾನೇ ನಿರ್ವಹಿಸಿಕೊಳ್ಳುವ ಹಕ್ಕು 25ನೆಯ ಅನುಚ್ಛೇದದ ಪ್ರವೇಶವಿಧಿಗೆ ಅಧೀನವೆಂದು 1957ರಲ್ಲಿ ತೀರ್ಪಿತ್ತ ನ್ಯಾಯಾಲಯವು, ಅದೇ ಉಸಿರಿನಲ್ಲಿ, ಗುಡಿಯನ್ನು ಹಗಲಿರುಳೂ ತೆರೆದಿಡಬೇಕೆಂದಾಗಲಿ ಅರ್ಚಕರು ಮಾತ್ರ ನಡೆಸತಕ್ಕ ಸೇವೆಯನ್ನು ತಾನೇ ನಡೆಸುವೆನೆಂದಾಗಲಿ ಯಾರೂ ಹಕ್ಕು ಸಾಧಿಸಲಾರರೆಂದೂ, ಕೆಲವು ವಿಶೇಷ ಸಂದರ್ಭಗಳ ಸೇವೆಗಳನ್ನು ಆ ಸಮುದಾಯವು ತನಗಷ್ಟೇ ಉಳಿಸಿಕೊಳ್ಳಬಹುದೆಂದೂ ಸ್ಪಷ್ಟಪಡಿಸಿತು. ಈ ಮಿತಿಗಳಿಗಿಂತ ನನಗೆ ಗಣ್ಯವಾಗಿ ತೋರುವುದು ಮತ್ತೊಂದು ಅಂಶ. ಸಂವಿಧಾನದ ಆ ವಾಕ್ಯದಲ್ಲಿ ಕರ್ತೃವಾಗಿರುವುದು ರಾಜ್ಯವೇ ಹೊರತು ಭಕ್ತನಲ್ಲ; ದೇವಾಲಯಗಳನ್ನು ತೆರೆಯುವ ಶಾಸನವನ್ನು ರಾಜ್ಯವು ರಚಿಸುವುದಕ್ಕೆ ಅಡ್ಡಿಯಿಲ್ಲವೆಂಬಷ್ಟೇ ಅದರ ಅಕ್ಷರಾರ್ಥ. ಹಾಗಿದ್ದೂ ನ್ಯಾಯಾಲಯವು ಅದರಲ್ಲಿ ಪ್ರವೇಶಿಸುವವನ ಹಕ್ಕನ್ನು ಕಂಡಿತು. ಅರಸನ ಅನುಗ್ರಹವಾಗಿದ್ದುದು ಪ್ರಜೆಯ ಸ್ವತ್ತಾದುದು ಈ ವ್ಯಾಖ್ಯಾನದ ಬಲದಿಂದ.

ಹಕ್ಕೆಂದು ಒಪ್ಪಿದ ಮೇಲೆ 'ವಿಭಾಗ' ಎಂಬುದರೊಳಗೆ ಯಾರು ಸೇರುವರೆಂಬ ವಿಚಾರಕ್ಕೆ ಬರಲೇಬೇಕು. ಸಂಡೂರಿನ ಅದೇ ಬೆಟ್ಟದಲ್ಲಿ, ಕುಮಾರಸ್ವಾಮಿಯು ತಾಯಿಯ ಮೇಲೆ ಮುನಿದ ಪುರಾಣಕಥೆಯೊಡನೆ, ಸ್ತ್ರೀಯರು ಸ್ವಾಮಿಯ ಗುಡಿಯೊಳಗೆ ಹೋಗಬಾರದೆಂಬ ನಿಷೇಧವೂ ಸಂಪ್ರದಾಯವಾಗಿ ಬೆಳೆದುಬಂದಿತು. ಪಾರ್ವತಿಯ ಗುಡಿಯಂತೂ ಪಕ್ಕದಲ್ಲಿಯೇ ಇದೆ. 1932ರ ಕ್ರಮವು ಜಾತಿಯ ತಡೆಯನ್ನು ತೆಗೆಯಲೆಂದು ಹೊರಟದ್ದು. 2018ರ ಶಬರಿಮಲೆ ತೀರ್ಪಿನ ಬಹುಮತವು ಮಹಿಳೆಯರ ಪ್ರವೇಶವನ್ನು ಎತ್ತಿಹಿಡಿಯಿತು. ಅದರಿಂದೆದ್ದ ಪ್ರಶ್ನೆಗಳನ್ನು ಮರುವರ್ಷ ವಿಸ್ತೃತ ಪೀಠಕ್ಕೆ ಒಪ್ಪಿಸಲಾಯಿತು. ಮೂಲ್ಕಿಯ ತರ್ಕವನ್ನು ಅಂಗೀಕರಿಸಿದವರು ಸ್ತ್ರೀಯರನ್ನು ಆ ಪದದ ಹೊರಗಿಡುವುದಕ್ಕೆ ನ್ಯಾಯವಾದ ಆಧಾರವನ್ನು ನಾನಂತೂ ಕಾಣೆ.