ಅಕ್ಷರದ ಅಂಚು ನುಣುಪಾದ ಕಥೆ

(1/5)
ಕಂಪ್ಯೂಟರ್ ಪರದೆಯಲ್ಲಿ ನಿಜವಾದ ದುಂಡು ಗೆರೆ ಅನ್ನೋದೇ ಇಲ್ಲ, ಗೊತ್ತಾ? ಅಲ್ಲಿರೋದು ಬರೀ ಪುಟ್ಟ ಚೌಕಗಳು, ಅಂದ್ರೆ ಪಿಕ್ಸೆಲ್‌ಗಳು. ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿಸಿ ‘ಠ’ ಬರೆದು ನೋಡಿ, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ. ಹಳೇ ಕಂಪ್ಯೂಟರ್‌ಗಳಲ್ಲಿ ಅಕ್ಷರ ಕಾಣ್ತಿದ್ದದ್ದೇ ಹಾಗೆ. ನಮ್ಮ ಲಿಪಿಯೋ, ಪೂರ್ತಿ ದುಂಡು. ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ಚೌಕ ಕಮ್ಮಿಯಾದ್ರೆ ಒತ್ತು ಯಾವುದು ಅಂತಲೇ ತಿಳಿಯಲ್ಲ.

(2/5)
ಮೊದಲ ಪರಿಹಾರ ಬೂದು ಬಣ್ಣ. 1970ರ ದಶಕದ ಆರಂಭದಲ್ಲೇ ಅಮೆರಿಕದ ಎಂಐಟಿಯಲ್ಲಿ ಇದರ ಪ್ರಯೋಗ ನಡೆದಿತ್ತು. ಗೆರೆ ಒಂದು ಚೌಕದ ಅರ್ಧ ಮಾತ್ರ ಮುಟ್ಟಿದ್ರೆ, ಆ ಚೌಕಕ್ಕೆ ಅರ್ಧ ಕಪ್ಪು. ದೂರದಿಂದ ನೋಡೋ ಕಣ್ಣು ಅದನ್ನ ನುಣುಪು ಅಂಚು ಅಂತ ಓದ್ಕೊಳ್ಳುತ್ತೆ. ಆದ್ರೆ ಸಣ್ಣ ಅಕ್ಷರ ಸ್ವಲ್ಪ ಮಸುಕಾಗುತ್ತೆ.

(3/5)
1998ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ‘ಕ್ಲಿಯರ್‌ಟೈಪ್’ ಘೋಷಿಸಿತು. ಉಪಾಯ ಸರಳ. ಎಲ್‌ಸಿಡಿ ಪರದೆಯ ಒಂದೊಂದು ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಉದ್ದ ಪಟ್ಟಿಗಳಿರುತ್ತವೆ. ಅವನ್ನ ಬೇರೆ ಬೇರೆಯಾಗಿ ಬೆಳಗಿಸಿದ್ರೆ ಅಡ್ಡಡ್ಡಲಾಗಿ ಮೂರು ಪಟ್ಟು ಜಾಗ ಸಿಕ್ಕ ಹಾಗೆ! ತೊಂದರೆ ಅಂದ್ರೆ, ಅಂಚಲ್ಲಿ ತೆಳುವಾಗಿ ಬಣ್ಣ ಇಣುಕುತ್ತೆ. ಕೆಲವರಿಗೆ ಅದು ಕಾಣೋದೇ ಇಲ್ಲ, ಕೆಲವರಿಗೆ ಕಣ್ಣಿಗೆ ಚುಚ್ಚುತ್ತೆ.

(4/5)
2001ರ ವಿಂಡೋಸ್ ಎಕ್ಸ್‌ಪಿ ಕನ್ನಡಕ್ಕೆ ‘ತುಂಗಾ’ ಫಾಂಟ್ ತಂತು. ಕ್ಲಿಯರ್‌ಟೈಪ್ ಕೂಡ ಅದರಲ್ಲೇ ಇತ್ತು, ಆದ್ರೆ ಆಫ್ ಆಗಿತ್ತು! ಆಗಿನ್ನೂ ಎಷ್ಟೋ ಮೇಜುಗಳ ಮೇಲೆ ದಪ್ಪ ಸಿಆರ್‌ಟಿ ಮಾನಿಟರ್ ಇದ್ದವು, ಅವಕ್ಕೆ ಈ ಉಪಾಯ ಸರಿಯಾಗಿ ಹೊಂದಲ್ಲ. ಎಲ್‌ಸಿಡಿ ಇದ್ದವರು ಸೆಟ್ಟಿಂಗ್ಸ್ ಒಳಗೆ ಹುಡುಕಿ ತಾವೇ ಆನ್ ಮಾಡ್ಬೇಕಿತ್ತು. 2007ರ ವಿಸ್ಟಾದಲ್ಲಿ ಅದು ತಾನಾಗೇ ಆನ್ ಆಗಿ ಬಂತು.

ಆದ್ರೂ ಅದು ನುಣುಪು ಮಾಡ್ತಿದ್ದದ್ದು ಅಡ್ಡ ದಿಕ್ಕಲ್ಲಿ ಮಾತ್ರ. ದುಂಡು ಅಕ್ಷರದ ನೆತ್ತಿ ಮತ್ತು ತಳದಲ್ಲಿ ಮೆಟ್ಟಿಲು ಉಳೀತಿತ್ತು. 2009ರ ವಿಂಡೋಸ್ 7 ಜೊತೆ ಬಂದ ‘ಡೈರೆಕ್ಟ್‌ರೈಟ್’ ಮೇಲೆ-ಕೆಳಗಿನ ಅಂಚನ್ನೂ ಸರಿ ಮಾಡ್ತು. ದುಂಡು ಲಿಪಿಯವರಿಗೆ ಇದು ಸಣ್ಣ ವಿಷಯ ಅಲ್ಲ.

(5/5)
2010ರ ಐಫೋನ್ 4ರಲ್ಲಿ ಇಂಚಿಗೆ 326 ಪಿಕ್ಸೆಲ್. ಚೌಕಗಳು ಅಷ್ಟು ಚಿಕ್ಕದಾದ್ರೆ ಬಣ್ಣದ ಉಪಾಯವೇ ಬೇಡ. 2018ರಲ್ಲಿ ಆಪಲ್ ತನ್ನ ಮ್ಯಾಕ್‌ನಿಂದ ಅದನ್ನ ತೆಗೆದೇ ಬಿಡ್ತು. ಒಳ್ಳೇ ಪರದೆ ಇದ್ದವರಿಗೆ ಸರಿಹೋಯ್ತು, ಸಾಧಾರಣ ಮಾನಿಟರ್ ಜೋಡಿಸಿಕೊಂಡವರಿಗೆ ಅಕ್ಷರ ಮತ್ತೆ ಮಂಕಾಯ್ತು.

ಅಂದ್ರೆ ಪ್ರತಿ ಸಲವೂ ನಮ್ಮ ಕಣ್ಣಿನ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡಿದ್ದಾರೆ. ಆದ್ರೆ ಎಲ್ಲರ ಕಣ್ಣೂ ಒಂದೇ ಥರ ಇಲ್ಲ, ಎಲ್ಲರ ಪರದೆಯೂ ಒಂದೇ ಅಲ್ಲ. ವಿಂಡೋಸ್ ಇದ್ರೆ ಸರ್ಚ್‌ನಲ್ಲಿ ‘ಕ್ಲಿಯರ್‌ಟೈಪ್’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ನಾಲ್ಕೈದು ಸಲ ಮಾದರಿಗಳನ್ನ ತೋರಿಸುತ್ತೆ, ನಿಮಗೆ ಹಾಯಾಗಿ ಓದೋಕಾಗೋದನ್ನ ಆರಿಸಿ. ಎರಡು ನಿಮಿಷದ ಕೆಲಸ. ಪರೀಕ್ಷೆಗೆ ರಾತ್ರಿಯೆಲ್ಲಾ ಪಿಡಿಎಫ್ ಓದೋ ಗೆಳೆಯರಿಗೂ ಕಳಿಸಿ.

#ಅಕ್ಷರಚರಿತ್ರೆ #ಕನ್ನಡ