ಸಕ್ಕರೆ ಕಾಯಿಲೆಯೂ ಮನದ ಕಹಿಯೂ

ಹುಟ್ಟುಕುರುಡನೊಬ್ಬನನ್ನು ದಾರಿಯಲ್ಲಿ ಕಂಡಾಗ ಶಿಷ್ಯರಿಗೆ ಮೊದಲು ಹೊಳೆದದ್ದು, ಅವನ ಕಷ್ಟಕ್ಕೆ ಹೊಣೆ ಯಾರೆಂಬ ಪ್ರಶ್ನೆ. ಪಾಪ ಅವನದೋ, ಅವನ ಹೆತ್ತವರದೋ ಎಂದು ಅವರು ವಿಚಾರಿಸಿದರು. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಬರುವ ಈ ಪ್ರಸಂಗದಲ್ಲಿ ಯೇಸುಸ್ವಾಮಿ ಆ ಎರಡು ಊಹೆಗಳನ್ನೂ ತಳ್ಳಿಹಾಕಿ, ಗುಣಪಡಿಸುವ ಕಾರ್ಯಕ್ಕೆ ಕೈಹಾಕುತ್ತಾರೆ. ರೋಗಿಯಲ್ಲಿ ದೋಷವನ್ನು ಅರಸುವ ಆ ಹಳೆಯ ಅಭ್ಯಾಸ ಮಾತ್ರ ಲೋಕದಿಂದ ಮರೆಯಾಗಲಿಲ್ಲ. ವೈದ್ಯಶಾಸ್ತ್ರವೂ ಅದರಿಂದ ಮುಕ್ತವಾಗಿರಲಿಲ್ಲ ಎಂಬುದಕ್ಕೆ ಸಕ್ಕರೆ ಕಾಯಿಲೆಯ ಚರಿತ್ರೆ ಸಾಕ್ಷಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಇಷ್ಟೊಂದು ಜನರ ದೇಹದ ಬಗ್ಗೆ ನಾವು ಮಾತನಾಡುತ್ತೇವೆ. ಅವರ ಮನಸ್ಸಿನ ಬಗ್ಗೆ ಅಪರೂಪಕ್ಕೆ ಮಾತನಾಡುತ್ತೇವೆ. ಆ ಮೌನದ ಹಿಂದೆ ಒಂದು ದೀರ್ಘ ಇತಿಹಾಸವಿದೆ.

ದುಃಖವೇ ಕಾರಣವೆಂದ ಕಾಲ

ನಮ್ಮ ಪ್ರಾಚೀನ ವೈದ್ಯರಾದ ಚರಕ, ಸುಶ್ರುತರಿಗೆ ಈ ರೋಗ ಪರಿಚಿತವಾಗಿತ್ತು. ಜೇನಿನಂಥ ಮೂತ್ರವನ್ನು ಗುರುತಿಸಿ ಅವರು ಇದನ್ನು ಮಧುಮೇಹವೆಂದು ಕರೆದರು. ಯೂರೋಪಿನಲ್ಲಿ ಆ ಸಿಹಿಯನ್ನು ಸ್ಪಷ್ಟವಾಗಿ ದಾಖಲಿಸಿದವರು 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್. ಮಿದುಳು ಮತ್ತು ನರಗಳ ಅಧ್ಯಯನಕ್ಕೆ ತಳಹದಿ ಹಾಕಿದ ಈ ವಿದ್ವಾಂಸರು ಮತ್ತೊಂದು ಮಾತನ್ನೂ ಬರೆದರು: ದೀರ್ಘಕಾಲದ ದುಃಖ ಹಾಗೂ ಮನೋವ್ಯಥೆಗಳಿಂದ ಈ ರೋಗ ಉಂಟಾಗುತ್ತದೆ ಎಂದು. ರೋಗಕ್ಕೂ ದುಃಖಕ್ಕೂ ನಂಟಿದೆಯೆಂದು ಕಂಡುಕೊಂಡದ್ದು ಅವರ ಸೂಕ್ಷ್ಮದೃಷ್ಟಿ. ಆದರೆ ಆ ದುಃಖವನ್ನು ಅವರು ರೋಗದ ಮೂಲದಲ್ಲಿ ಇಟ್ಟು ನೋಡಿದರೇ ಹೊರತು, ರೋಗದೊಡನೆ ಬದುಕುವವನ ಪಾಡೆಂದು ನೋಡಲಿಲ್ಲ.

1849ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಪ್ರಾಣಿಗಳ ಮಿದುಳಿನ ಒಂದು ಭಾಗವನ್ನು ಚುಚ್ಚಿದಾಗ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ರೋಗದ ಮೂಲ ಮಿದುಳಿನಲ್ಲಿ, ನರಗಳಲ್ಲಿ ಇದೆಯೆಂಬ ನಂಬಿಕೆಗೆ ಇದು ಬಲ ಕೊಟ್ಟಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಹೆಸರಾಂತ ಮನೋವೈದ್ಯ ಹೆನ್ರಿ ಮಾಡ್ಸ್ಲಿ, ಬುದ್ಧಿಭ್ರಮಣೆ ಇರುವ ಕುಟುಂಬಗಳಲ್ಲೇ ಮಧುಮೇಹವೂ ಹೆಚ್ಚಾಗಿ ಕಾಣುತ್ತದೆಂದು ಬರೆದರು. ಹೀಗೆ ರೋಗಿಯ ಮೇಲಷ್ಟೇ ಅಲ್ಲ, ಅವನ ಮನೆತನದ ಮೇಲೂ ಕಳಂಕದ ನೆರಳು ಬಿತ್ತು. ಶಿಷ್ಯರು ಕೇಳಿದ್ದೂ ಇಂಥದೇ ಪ್ರಶ್ನೆಯನ್ನಲ್ಲವೇ?

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಉಂಟಾಯಿತು. ರೋಗದ ನೆಲೆ ಹೊಟ್ಟೆಯೊಳಗಿನ ಆ ಗ್ರಂಥಿ ಎಂದು ಸಿದ್ಧವಾಯಿತು. ಆದರೂ ರೋಗಿಯ ಸ್ವಭಾವವನ್ನು ದೂರುವುದು ನಿಲ್ಲಲಿಲ್ಲ. 1935ರಲ್ಲಿ ಅಮೆರಿಕದ ಮನೋವೈದ್ಯ ವಿಲಿಯಂ ಮೆನಿಂಜರ್, ಮಧುಮೇಹದ ಉತ್ಪತ್ತಿಯಲ್ಲಿ ಮಾನಸಿಕ ಕಾರಣಗಳ ಪಾತ್ರವನ್ನು ಕುರಿತು ಬರೆದರು. ಮಧುಮೇಹಿಗಳಿಗೆ ಅವರದೇ ಆದ ಒಂದು ವ್ಯಕ್ತಿತ್ವವಿದೆ ಎಂಬ ವಾದ ಕೆಲಕಾಲ ಚಲಾವಣೆಯಲ್ಲಿತ್ತು. ಮುಂದಿನ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ದೊರೆಯಲಿಲ್ಲ.

ಹಸಿವಿನ ಚಿಕಿತ್ಸೆ

ಇನ್ಸುಲಿನ್ ಬರುವುದಕ್ಕೆ ಮುಂಚೆ ಈ ರೋಗ ಬಂದ ಮಕ್ಕಳಿಗೆ ಉಳಿಯುವ ಆಸೆಯೇ ಇರಲಿಲ್ಲ. ಅಮೆರಿಕದ ಡಾ. ಫ್ರೆಡರಿಕ್ ಆ್ಯಲೆನ್ ರೂಪಿಸಿದ ಪಥ್ಯವೊಂದೇ ಆಗಿನ ಆಸರೆ. ಸಕ್ಕರೆಯ ಅಂಶ ಹೋಗಲೆಂದು ಮೂರು ಸಲ ಬೇಯಿಸಿ ನೀರು ಬಸಿದ ತರಕಾರಿ, ಅಳೆದು ತೂಗಿದ ತುತ್ತು. ಕೆಲವೊಮ್ಮೆ ದಿನಕ್ಕೆ ಕೆಲವೇ ನೂರು ಕ್ಯಾಲೊರಿ ಆಹಾರ. ಅದು ಸಾವನ್ನು ಮುಂದೂಡುವ ಉಪವಾಸ. ಅಲ್ಲಿಯೂ ಸಕ್ಕರೆ ಏರಿದರೆ ಮಗು ಕದ್ದು ತಿಂದಿದೆಯೇ ಎಂಬ ಸಂಶಯ ಮೊದಲು ಏಳುತ್ತಿತ್ತು.

ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಗೆ 1919ರಲ್ಲಿ, 11ನೆಯ ವಯಸ್ಸಿನಲ್ಲಿ, ಈ ಕಾಯಿಲೆ ಬಂತು. ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವಳ ತಂದೆ. 1922ರ ಆಗಸ್ಟ್ ತಿಂಗಳಲ್ಲಿ ಅವಳನ್ನು ಕೆನಡಾದ ಟೊರಾಂಟೊ ನಗರಕ್ಕೆ ಕರೆತಂದಾಗ 15 ತುಂಬಲಿದ್ದ ಆ ಹುಡುಗಿಯ ತೂಕ ಸುಮಾರು 20 ಕಿಲೋ ಮಾತ್ರ.

ಇತ್ತ ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಲು ಹೊರಟಿದ್ದ ರಾಬಿನ್ ಲಾರೆನ್ಸ್ ಎಂಬ ತರುಣನಿಗೂ ಇದೇ ರೋಗ ತಗುಲಿತು. ತನ್ನ ಸಾವು ಮನೆಯವರ ಕಣ್ಣೆದುರು ನಡೆಯಬಾರದೆಂದು ಆತ ಇಟಲಿಯ ಫ್ಲಾರೆನ್ಸಿಗೆ ಹೊರಟುಹೋದರು. ರೋಗ ದೇಹವನ್ನು ಸವೆಸುವುದರ ಜೊತೆಗೆ ಮನುಷ್ಯನನ್ನು ತನ್ನವರಿಂದ ಹೇಗೆ ದೂರ ಒಯ್ಯುತ್ತದೆ ಎಂಬುದಕ್ಕೆ ಈ ಪ್ರಯಾಣಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಳಿದ ಜೀವ, ಉಳಿದ ಭಾರ

1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. 11ರಂದು ಕೊಟ್ಟ ಮೊದಲ ಮದ್ದು ಶುದ್ಧವಾಗಿರಲಿಲ್ಲ. 23ರಂದು ಕೊಟ್ಟ ಶುದ್ಧೀಕರಿಸಿದ ಮದ್ದು ಫಲಿಸಿತು. ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಇವರ ಶ್ರಮ ಲೋಕಕ್ಕೆ ವರವಾಯಿತು. ಲಾರೆನ್ಸ್ 1923ರಲ್ಲಿ ಸುದ್ದಿ ತಿಳಿದು ಲಂಡನ್ನಿಗೆ ಮರಳಿ ಬದುಕಿದರು, ಮಧುಮೇಹದ ತಜ್ಞವೈದ್ಯರಾದರು. 1934ರಲ್ಲಿ ಅವರು ತಮ್ಮಂತೆಯೇ ಮಧುಮೇಹಿಯಾಗಿದ್ದ ಸಾಹಿತಿ ಎಚ್. ಜಿ. ವೆಲ್ಸ್ ಅವರೊಡನೆ ಸೇರಿ ರೋಗಿಗಳದೇ ಒಂದು ಸಂಘವನ್ನು ಸ್ಥಾಪಿಸಿದರು. ಒಂಟಿಯಾಗಿ ಸಾಯಲು ಹೋಗಿದ್ದವರು ಇತರರ ಒಂಟಿತನವನ್ನು ನೀಗಲು ನಿಂತರು.

ಎಲಿಜಬೆತ್ ಹಿಡಿದ ದಾರಿ ಬೇರೆ. ಆಕೆ ಓದಿದರು, ವಿವಾಹವಾದರು, ಮೂವರು ಮಕ್ಕಳ ತಾಯಿಯಾದರು, ಸಾರ್ವಜನಿಕ ಸೇವೆಯಲ್ಲಿ ಹೆಸರು ಗಳಿಸಿದರು. 1981ರಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ವೇಳೆಗೆ ಸುಮಾರು 42,000 ಚುಚ್ಚುಮದ್ದುಗಳನ್ನು ತೆಗೆದುಕೊಂಡಿದ್ದರು. ಆದರೆ ತಮಗೆ ಮಧುಮೇಹವಿದೆ ಎಂಬುದನ್ನು ಬದುಕಿನುದ್ದಕ್ಕೂ ಬಹುಮಟ್ಟಿಗೆ ಮುಚ್ಚಿಟ್ಟರು. ತಂದೆಯ ಕಾಗದಪತ್ರಗಳಲ್ಲಿದ್ದ ಉಲ್ಲೇಖಗಳನ್ನೂ ಅಳಿಸಿಹಾಕಿದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಇತಿಹಾಸವನ್ನು ಕಾಪಾಡುವ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಇವರೇ ತಮ್ಮ ಇತಿಹಾಸದ ಒಂದು ಅಧ್ಯಾಯವನ್ನು ಅಳಿಸಿದರು. ರೋಗಿ ಎಂಬ ಹಣೆಪಟ್ಟಿ ಅಷ್ಟು ಭಾರವಾಗಿದ್ದಿರಬೇಕು.

ಇನ್ಸುಲಿನ್ ರೋಗವನ್ನು ವಾಸಿಮಾಡಲಿಲ್ಲ. ಸಾವಿನ ರೋಗವನ್ನು ಬಾಳಿನ ಜೊತೆಗಾರನನ್ನಾಗಿ ಮಾಡಿತು. ಗಾಜಿನ ಸಿರಿಂಜನ್ನು ದಿನವೂ ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆಯಬೇಕು, ಊಟವನ್ನು ಹೊತ್ತಿಗೆ ಸರಿಯಾಗಿ ಅಳೆದು ತಿನ್ನಬೇಕು. ಮದ್ದು ಹೆಚ್ಚಾದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಭಯ. ಕಡಿಮೆಯಾದರೆ ಕಣ್ಣು, ಮೂತ್ರಪಿಂಡ, ಕಾಲುಗಳ ಚಿಂತೆ. ಕಾಲಕ್ರಮೇಣ ಮನೆಯಲ್ಲೇ ರಕ್ತ ಪರೀಕ್ಷಿಸುವ ಯಂತ್ರಗಳು ಬಂದವು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ತೊಡಕುಗಳು ಬಹಳ ಕಡಿಮೆಯಾಗುತ್ತವೆಂದು 1993ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಇದು ನಿಜವಾದ ಶುಭವಾರ್ತೆ. ಆದರೆ ಅದರ ಜೊತೆಗೆ, ಯಂತ್ರ ತೋರಿಸುವ ಪ್ರತಿಯೊಂದು ಅಂಕಿಯೂ ರೋಗಿಗೆ ತೀರ್ಪಿನಂತೆ ಕೇಳಿಸತೊಡಗಿತು. ಈ ಕೆಲಸಕ್ಕೆ ರಜೆಯಿಲ್ಲ, ಭಾನುವಾರವೂ ಇಲ್ಲ.

ಭಾರಕ್ಕೊಂದು ಹೆಸರು

1995ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ವಿಲಿಯಂ ಪೊಲೊನ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 20 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪಥ್ಯ ತಪ್ಪಿದಾಗ ಅಪರಾಧಭಾವ ಕಾಡುವುದೇ, ಮುಂದೇನಾಗುವುದೋ ಎಂಬ ಅಂಜಿಕೆ ಇದೆಯೇ, ಈ ಕಾಯಿಲೆಯೊಡನೆ ತಾನೊಬ್ಬನೇ ಎನಿಸುವುದೇ ಎಂದು ಅದು ರೋಗಿಯನ್ನೇ ಕೇಳಿತು. ಮಧುಮೇಹದ ನಿತ್ಯದ ದುಡಿಮೆಯಿಂದ ಹುಟ್ಟುವ ಈ ಬಳಲಿಕೆಯೇ ಬೇರೆ, ವೈದ್ಯರು ಖಿನ್ನತೆಯೆಂದು ಗುರುತಿಸುವ ಕಾಯಿಲೆಯೇ ಬೇರೆ ಎಂಬ ತಿಳಿವಳಿಕೆ ಕ್ರಮೇಣ ಬೆಳೆಯಿತು. 2001ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಧುಮೇಹಿಗಳಲ್ಲಿ ಖಿನ್ನತೆಯ ಸಂಭವ ಇತರರಿಗಿಂತ ಸುಮಾರು ಎರಡರಷ್ಟು ಎಂದು ತಿಳಿದುಬಂತು.

ನಂಟು ಎರಡೂ ದಿಕ್ಕಿಗೆ ಸಾಗುತ್ತದೆ. ಮನಸ್ಸು ಕುಗ್ಗಿದವರಿಗೆ ನಡೆಯುವ, ಮದ್ದು ತೆಗೆದುಕೊಳ್ಳುವ, ಹೊತ್ತಿಗೆ ಉಣ್ಣುವ ಹುರುಪು ಉಳಿಯುವುದಿಲ್ಲ. ಒತ್ತಡದಲ್ಲಿ ಸ್ರವಿಸುವ ಹಾರ್ಮೋನುಗಳು ಸಕ್ಕರೆಯನ್ನು ಏರಿಸುತ್ತವೆ. ಏರಿದ ಸಕ್ಕರೆ ಮತ್ತೆ ದಣಿವನ್ನೂ ನಿರಾಶೆಯನ್ನೂ ತರುತ್ತದೆ. ಮೂರು ಶತಮಾನಗಳ ಹಿಂದೆ ವಿಲ್ಲಿಸ್ ಕಂಡ ನಂಟು ಸುಳ್ಳಾಗಿರಲಿಲ್ಲ. ಅದರಲ್ಲಿ ರೋಗಿಯ ಪಾಡಿಗೆ ಸ್ಥಾನವಿರಲಿಲ್ಲ.

ಈ ತಿಳಿವಳಿಕೆಯ ಫಲ ನಮ್ಮ ನಾಡಿಗೂ ಬಂದಿದೆ. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ, ಖಿನ್ನತೆಯೂ ಇದ್ದ 404 ರೋಗಿಗಳ ನಡುವೆ ಒಂದು ಪ್ರಯೋಗ ನಡೆದು 2020ರಲ್ಲಿ ಅದರ ವರದಿ ಪ್ರಕಟವಾಯಿತು. ಕೆಲವರಿಗೆ ಎಂದಿನ ಚಿಕಿತ್ಸೆ. ಇನ್ನುಳಿದವರಿಗೆ ಅದರ ಜೊತೆಗೆ, ಆಗಾಗ ವಿಚಾರಿಸಿ ಧೈರ್ಯ ತುಂಬುವ, ವೈದ್ಯರಲ್ಲದಿದ್ದರೂ ತರಬೇತಿ ಪಡೆದ ಒಬ್ಬ ಆರೈಕೆಗಾರರು ಮತ್ತು ಅವರ ಬೆನ್ನಿಗೆ ತಜ್ಞರು. ಎರಡು ವರ್ಷಗಳ ಬಳಿಕ, ಖಿನ್ನತೆ ಅರ್ಧದಷ್ಟಾದರೂ ತಗ್ಗಿ, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4, ವಿಚಾರಿಸುವವರಿದ್ದ ಗುಂಪಿನಲ್ಲಿ ಶೇ. 71.6. ಪದೇಪದೇ ವಿಚಾರಿಸುವ ಒಬ್ಬ ಮನುಷ್ಯನ ಬೆಲೆ ಎಷ್ಟೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ನಮ್ಮ ಮನೆಗಳಲ್ಲಿ

ಮದುವೆಯ ಪಂಕ್ತಿಯಲ್ಲಿ, ಹಬ್ಬದೂಟದಲ್ಲಿ, ಎಲೆಯ ಮೇಲೆ ಕಣ್ಣಿಟ್ಟು ಗದರುವವರು ಅನೇಕರು. "ನಾಲಗೆಗೆ ಹತೋಟಿ ಇಲ್ಲದ್ದಕ್ಕೇ ಬಂತು" ಎನ್ನುವವರೂ ಇದ್ದಾರೆ. ಹೇಳುವವರಲ್ಲಿ ಪ್ರೀತಿಯೇ ಇರಬಹುದು. ಕೇಳುವವರಿಗೆ ಅದು ಆಪಾದನೆ. ಅದಕ್ಕೆ ಬೇಸತ್ತವರು ಅಡಗಿ ತಿನ್ನುತ್ತಾರೆ, ಪರೀಕ್ಷೆಯ ಚೀಟಿಯನ್ನು ಬಚ್ಚಿಡುತ್ತಾರೆ, ಕೆಲವರು ಸದ್ದಿಲ್ಲದೆ ಮದ್ದನ್ನೇ ಬಿಡುತ್ತಾರೆ. ಯೋಬನ ಸ್ನೇಹಿತರು ಏಳು ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಷ್ಟು ಕಾಲ ನಿಜವಾದ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದಾಗ ಅವನಿಗೆ ಹೊರೆಯಾದರು.

ಪ್ರವಾದಿ ಎಲೀಯನು ಬದುಕು ಸಾಕೆಂದು ಮರಳುಗಾಡಿನ ಗಿಡವೊಂದರಡಿ ಮಲಗಿದಾಗ, ದೇವದೂತನು ಅವನನ್ನು ಗದರಲಿಲ್ಲ. ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಬಂದು ಎಬ್ಬಿಸಿದನು. ನಮ್ಮ ಧರ್ಮಕೇಂದ್ರಗಳು ಅನುಸರಿಸಬಹುದಾದ ಮಾದರಿ ಇದು. ಮನೆಮಂದಿಯೆಲ್ಲ ಒಂದೇ ಬಗೆಯ ಊಟ ಮಾಡಬಹುದು. ಸಂಜೆಯ ನಡಿಗೆಗೆ ಜೊತೆಯಾಗಬಹುದು. ಸಕ್ಕರೆ ಎಷ್ಟಿದೆ ಎಂದು ಕೇಳುವ ಮೊದಲು ಹೇಗಿದ್ದೀರಿ ಎಂದು ಕೇಳಬಹುದು. ತಪಸ್ಸುಕಾಲದ ಉಪವಾಸದಿಂದ ರೋಗಿಗಳಿಗೆ ಧರ್ಮಸಭೆ ವಿನಾಯಿತಿ ನೀಡಿರುವುದನ್ನು ನೆನಪಿಸಿ, ಹರಕೆಯ ಹೆಸರಿನಲ್ಲಿ ಮದ್ದು ನಿಲ್ಲಿಸುವವರನ್ನು ತಡೆಯಬಹುದು. ಎರಡು ವಾರ ಕಳೆದರೂ ಮಂಕು, ನಿದ್ರಾಹೀನತೆ, ಯಾವುದರಲ್ಲೂ ಬೇಡವೆನ್ನುವ ಭಾವ ಹೋಗದಿದ್ದರೆ ವೈದ್ಯರಿಗೆ ಅದನ್ನು ಹೇಳಲೇಬೇಕು, ಖಿನ್ನತೆಗೆ ಚಿಕಿತ್ಸೆಯಿದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅಂದೇ ನೆರವು ಕೋರಬೇಕು.

ಎಲಿಜಬೆತ್ ತಮ್ಮ ಕಾಯಿಲೆಯನ್ನು ಆರು ದಶಕ ಬಚ್ಚಿಟ್ಟುಕೊಂಡು ಬಾಳಿದರು. ನಮ್ಮ ಪಕ್ಕದ ಪೀಠದಲ್ಲಿ ಕುಳಿತು ಪ್ರಾರ್ಥಿಸುವ ಯಾರೂ ಹಾಗೆ ಬಚ್ಚಿಟ್ಟುಕೊಳ್ಳುವ ಅಗತ್ಯವಿಲ್ಲದಂಥ ಸಭೆಯನ್ನು ಕಟ್ಟುವುದು ನಮ್ಮೆಲ್ಲರ ಹೊಣೆ.