ಯಂತ್ರದೊಳಗಣ ಯಂತ್ರವೂ ಕನ್ನಡದ ಕಡತಗಳೂ

ಇತಿಹಾಸಕ್ಕೆ ಆಧಾರವಾಗತಕ್ಕ ಬರಹವು ಉಳಿದಿದ್ದರೆ ಸಾಲದು. ಅದನ್ನು ಓದುವ ಸಾಧನವೂ ಉಳಿದಿರಬೇಕು. ಶಿಲಾಶಾಸನವನ್ನು ಓದಲು ಲಿಪಿಯ ಮತ್ತು ಭಾಷೆಯ ಅರಿವು ಸಾಕು. ಕಂಪ್ಯೂಟರಿನ ಕಡತಕ್ಕಾದರೋ ಅದನ್ನು ಬರೆದ ತಂತ್ರಾಂಶವೂ, ಆ ತಂತ್ರಾಂಶವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ ಬೇಕು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯ ಮೇಲಣ ಪುಂಜಾಲಕಟ್ಟೆಯಂತಹ ಊರಿನ ಈಚಿನ ಚರಿತ್ರೆಯನ್ನು ಮುಂದೆ ಬರೆಯತಕ್ಕವರು ಪಂಚಾಯತಿ, ಸಹಕಾರಿ ಸಂಘ, ಶಾಲೆ, ದೇವಸ್ಥಾನಗಳ ಠರಾವು ವರದಿಗಳನ್ನೇ ಅವಲಂಬಿಸಬೇಕಾಗುವುದು. ಈ ಬಗೆಯ ಬರಹಗಳು ಶತಮಾನದ ತಿರುವಿನ ವರ್ಷಗಳಲ್ಲಿ ಕನ್ನಡನಾಡಿನಾದ್ಯಂತ ಕಂಪ್ಯೂಟರಿಗೆ ಏರತೊಡಗಿದುವು. ಅವುಗಳನ್ನು ಓದುವ ಒಂದು ಉಪಾಯವನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಕನ್ನಡ ಕೀಲಿಮಣೆಯ ಚರಿತ್ರೆಯಲ್ಲಿ ಈ ಜಿಲ್ಲೆಗೆ ವಿಶೇಷ ಸ್ಥಾನವುಂಟು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಧ್ವನಿಯನ್ನನುಸರಿಸುವ ಕೀಲಿಮಣೆಯನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ (೧೯೦೨–೧೯೯೬) ಹೆಸರನ್ನಿಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂದಿತು. ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳನ್ನು ಸೇರಿತು. ೧೯೯೧ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಎಡೆ ದೊರೆತಿತ್ತಾದರೂ, ವಿಂಡೋಸ್ ಕನ್ನಡವನ್ನು ಆ ಕ್ರಮದಲ್ಲಿ ತೋರಿಸತೊಡಗಿದ್ದು ೨೦೦೧ರ ಎಕ್ಸ್‌ಪಿಯಿಂದ. ಅದುವರೆಗೂ, ಅನಂತರ ಬಹುಕಾಲವೂ, ರೋಮನ್ ಅಕ್ಷರಗಳಿಗೆ ಮೀಸಲಾದ ೨೫೬ ಸ್ಥಾನಗಳೊಳಗೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಕೂರಿಸಿ ಕೆಲಸ ಸಾಗಿಸಲಾಯಿತು. ತಕ್ಕ ಫಾಂಟ್ ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುವುದು. ಫಾಂಟನ್ನು ಸ್ಥಾಪಿಸಿದರೆ ಎಷ್ಟೋ ಕಡತಗಳನ್ನು ಓದಬಹುದು, ನಿಜ. ಆದರೆ ಹಳೆಯ ‘ಬರಹ’ ‘ನುಡಿ’ಗಳನ್ನೇ ನಡೆಸಬೇಕಾದಲ್ಲಿ ವಿಂಡೋಸ್ ಬೇಕು. ಇಂದು ಕೆಲಸಕ್ಕೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದೀತು, ಮ್ಯಾಕ್ ಇದ್ದೀತು.

ಈ ತೊಡಕಿಗೆ ಪರಿಹಾರವೆಂದರೆ ಯಂತ್ರದೊಳಗೊಂದು ಕಲ್ಪಿತ ಯಂತ್ರವನ್ನು ನಿಲ್ಲಿಸಿ, ಅದರಲ್ಲಿ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವುದು. ಇದನ್ನೇ ವರ್ಚುವಲ್ ಯಂತ್ರವೆನ್ನುತ್ತಾರೆ. ಈ ವಿಚಾರ ಹೊಸದಲ್ಲ. ೧೯೬೭ರ ಹೊತ್ತಿಗೇ ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ ಸಿಪಿ-೪೦ ಎಂಬ ವ್ಯವಸ್ಥೆಯು ಒಂದೇ ದೊಡ್ಡ ಗಣಕವನ್ನು ಹಲವು ಗಣಕಗಳಂತೆ ನಡೆಸುತ್ತಿತ್ತು. ೧೯೭೪ರಲ್ಲಿ ಪೋಪೆಕ್, ಗೋಲ್ಡ್‌ಬರ್ಗ್ ಎಂಬಿಬ್ಬರು ಇದರ ಲಕ್ಷಣವನ್ನು ನಿರ್ಣಯಿಸಿದರು: ಒಳಗಣ ತಂತ್ರಾಂಶವು ನಿಜಯಂತ್ರದಲ್ಲಿದ್ದಂತೆಯೇ ನಡೆಯಬೇಕು; ಸಂಪನ್ಮೂಲಗಳ ಹತೋಟಿ ಹೊರಗಣ ನಿಯಂತ್ರಕನಲ್ಲಿಯೇ ಇರಬೇಕು; ವೇಗ ಹೆಚ್ಚು ಕುಗ್ಗಬಾರದು. ಸಾಮಾನ್ಯ ಕಂಪ್ಯೂಟರುಗಳ ಸಂಸ್ಕಾರಕಗಳು ಈ ನಿಯಮಗಳಿಗೆ ನೇರವಾಗಿ ಒಳಪಡುತ್ತಿರಲಿಲ್ಲ. ೧೯೯೮ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಮರುವರ್ಷವೇ ಈ ಅಡ್ಡಿಯನ್ನು ತಂತ್ರಾಂಶದ ಉಪಾಯದಿಂದ ದಾಟಿತು. ೨೦೦೫ರಿಂದೀಚೆಗೆ ಸಂಸ್ಕಾರಕಗಳಲ್ಲಿಯೇ ಇದಕ್ಕೆ ಆಸರೆ ಬಂದಿತು. ೨೦೦೬ರಲ್ಲಿ ಮ್ಯಾಕ್‌ಗೆ ಪ್ಯಾರಲಲ್ಸ್, ೨೦೦೭ರಲ್ಲಿ ಮುಕ್ತ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ಬಂದ ಮೇಲೆ ದೊಡ್ಡ ಗಣಕಗಳ ಈ ವಿದ್ಯೆ ಬಡ ಅಧ್ಯಾಪಕನ ಕೈಗೂ ಎಟುಕಿತು.

ಇಂತಹ ಡೆಸ್ಕ್‌ಟಾಪನ್ನು ದೂರದ ಸರ್ವರಿನಲ್ಲಿಟ್ಟು ಜಾಲದ ಮೂಲಕ ಬಳಸುವ ಕ್ರಮವೂ ಉಂಟು. ಆದರೆ ಜಾಲ ಕಡಿದರೆ ಕೆಲಸವೂ ನಿಲ್ಲುವುದು. ಘಟ್ಟದ ತಪ್ಪಲಿನ ಆಟಿ ತಿಂಗಳ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲ್ಯಾಪ್‌ಟಾಪಿನಲ್ಲಿಯೇ ನಡೆಯುವ ಡೆಸ್ಕ್‌ಟಾಪ್‌ಗೆ ಜಾಲದ ಹಂಗಿಲ್ಲ. ಇಡೀ ವಿಂಡೋಸ್, ಅದರ ತಂತ್ರಾಂಶ, ಫಾಂಟುಗಳೆಲ್ಲವೂ ಕೆಲವೇ ಕಡತಗಳಾಗಿ ಅಡಕವಾಗಿರುವುದರಿಂದ, ಒಮ್ಮೆ ಸಿದ್ಧಪಡಿಸಿದ್ದನ್ನು ಲಿನಕ್ಸಿಗೂ ಇಂಟೆಲ್ ಮ್ಯಾಕ್‌ಗೂ ನಕಲು ಮಾಡಿಕೊಳ್ಳಬಹುದು. ಮಿತಿಗಳೂ ಉಂಟು. ಒಳಗಣ ವ್ಯವಸ್ಥೆಗೆ ಹೊರಗಣದರ ಸ್ಮೃತಿಯಲ್ಲಿಯೇ ಪಾಲು ಕೊಡಬೇಕು. ವಿಂಡೋಸ್‌ನ ಪರವಾನಗಿ ಬೇಕು. ಎಕ್ಸ್‌ಪಿಗೆ ೨೦೧೪ರಲ್ಲಿಯೇ ರಕ್ಷಣೆಯ ಪರಿಷ್ಕಾರಗಳು ನಿಂತಿರುವುದರಿಂದ ಅದನ್ನು ಜಾಲದಿಂದ ಬೇರ್ಪಡಿಸಿಯೇ ನಡೆಸಬೇಕು. ೨೦೨೦ರಿಂದ ಬಂದ ಆಪಲ್‌ನ ಸ್ವಂತ ಸಂಸ್ಕಾರಕದ ಮ್ಯಾಕ್‌ಗಳಲ್ಲಿ ಇಂಟೆಲ್‌ಗಾಗಿ ರಚಿತವಾದ ಹಳೆಯ ವಿಂಡೋಸ್ ನೇರವಾಗಿ ನಡೆಯದು. ಆ ಸಂಸ್ಕಾರಕವನ್ನೇ ಅನುಕರಿಸುವ ನಿಧಾನದ ದಾರಿಯೊಂದೇ ಉಳಿಯುತ್ತದೆ.

ಹಳೆಯ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಬಿಟ್ಟರೆ ಈ ಪರಿಶ್ರಮವೇ ಬೇಡವಲ್ಲ ಎಂಬ ಆಕ್ಷೇಪ ಬರಬಹುದು. ಪರಿವರ್ತನೆ ಅವಶ್ಯವೇ ಸರಿ. ಆದರೆ ನಮ್ಮ ನೆರೆಯ ಮೂಡುಬಿದಿರೆಯ ದೃಷ್ಟಾಂತವನ್ನು ನೋಡಬಹುದು. ಅಲ್ಲಿಯ ಬಸದಿಯಲ್ಲಿದ್ದ ಧವಲಾ ಗ್ರಂಥದ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿದ್ದುವು. ಅವುಗಳಿಂದ ನಾಗರಿಗೆ ಪ್ರತಿ ಇಳಿಸಿದ ಮೇಲೆ, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣ ಆರಂಭವಾಯಿತು. ಲೋಕಕ್ಕೆ ಗ್ರಂಥ ದೊರೆತದ್ದು ಪ್ರತಿಗಳಿಂದ. ಆದರೆ ಪಾಠದ ಸಂಶಯಕ್ಕೆ ಕೊನೆಯ ಪ್ರಮಾಣ ಮೂಲದ ಓಲೆಯೇ. ಕಡತಗಳ ಪರಿವರ್ತನೆಯಲ್ಲಿಯೂ ಅರ್ಕಾವೊತ್ತು ಸ್ಥಳ ತಪ್ಪಬಹುದು. ಕನ್ನಡದ ನಡುವಣ ಇಂಗ್ಲಿಷ್ ಪದವನ್ನು ಯಂತ್ರವು ಕನ್ನಡವೆಂದೇ ಬಗೆದು ಕೆಡಿಸಬಹುದು. ಜಮೀನಿನ ಗಡಿ, ವ್ಯಕ್ತಿಯ ಹೆಸರು ಇವುಗಳಲ್ಲಿ ಒಂದಕ್ಷರ ತಪ್ಪಿದರೂ ಚರಿತ್ರಕಾರನು ದಾರಿ ತಪ್ಪಿಯಾನು. ಆಗ ಮೂಲವನ್ನು ಅದರ ಸ್ವಂತ ರೂಪದಲ್ಲಿ ತೋರಿಸಬಲ್ಲದ್ದು ಆ ಕಾಲದ ಡೆಸ್ಕ್‌ಟಾಪೇ.

ಆದಕಾರಣ ಪ್ರತಿಯೊಂದು ಇತಿಹಾಸ ವಿಭಾಗವೂ ‘ನುಡಿ’ ‘ಬರಹ’ಗಳ ಹಳೆಯ ಆವೃತ್ತಿಗಳನ್ನೊಳಗೊಂಡ ಒಂದು ವರ್ಚುವಲ್ ಯಂತ್ರವನ್ನು ಸಿದ್ಧಪಡಿಸಿ, ಗ್ರಂಥಾಲಯದಲ್ಲಿ ಲಿಪಿಶಾಸ್ತ್ರದ ಗ್ರಂಥಗಳನ್ನು ಇಟ್ಟಂತೆ ಇಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಗ್ರಾಮಗಳಿಂದ ಸಂಗ್ರಹಿಸಿದ ಕಡತಗಳನ್ನು ಪರಿವರ್ತಿತ ಪ್ರತಿಯೊಡನೆ ಮೂಲರೂಪದಲ್ಲಿಯೂ ಉಳಿಸಬೇಕು. ಇದಕ್ಕೆ ಬೇಕಾದ ವೆಚ್ಚ ಅಲ್ಪ. ಹಳೆಯ ತಂತ್ರಾಂಶದ ತಟ್ಟೆಗಳೂ ಅವುಗಳನ್ನು ಬಳಸಬಲ್ಲವರೂ ಇನ್ನೂ ಸಿಗುತ್ತಿರುವಾಗಲೇ ಈ ಕೆಲಸ ನಡೆಯತಕ್ಕದ್ದು.